ವಿಂಡೋಸ್‌ನಿಂದ ಲಿನಕ್ಸ್‌ಗೆ: ಇನ್‌ಸ್ಟಾಲ್ ಮಾಡುವುದು ಕೊನೆಯ ಕೆಲಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆ ದಿನ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಬರುವುದು ಮಾತ್ರ ನಿಂತಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ವಾಯಿದೆ ಸಿಕ್ಕಿತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದು ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಇಲ್ಲಿ ಫೇಲ್ ಆಗುತ್ತವೆ. ಹಾಗಾಗಿ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಕಡೆಗೆ ಕಣ್ಣು ಹಾಯಿಸುವವರು ಈಗ ಜಾಸ್ತಿ.

ಹಾಯಿಸಿದವರು ಸಾಮಾನ್ಯವಾಗಿ ಮಾಡುವುದು ಇಷ್ಟು. ಒಂದು ಪೆನ್‌ಡ್ರೈವ್ ತಯಾರು ಮಾಡುತ್ತಾರೆ, ರಜೆಯ ದಿನ ಕೂತು ಲಿನಕ್ಸ್ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಎಲ್ಲ ಚೆಂದ ಕಾಣುತ್ತದೆ. ಆಮೇಲೆ ಒಂದೊಂದಾಗಿ ಶುರುವಾಗುತ್ತದೆ: ಆ ಪ್ರೋಗ್ರಾಂ ಇಲ್ಲ, ಈ ಪಾಸ್‌ವರ್ಡ್ ಬಂದಿಲ್ಲ, ಹಳೆಯ ಇಮೇಲ್ ಎಲ್ಲಿ ಹೋಯಿತೋ ಗೊತ್ತಿಲ್ಲ, ರೆಸ್ಯೂಮೆ ತೆರೆದರೆ ಎರಡು ಪುಟದ್ದು ಮೂರು ಪುಟ ಆಗಿದೆ. ವಾರದೊಳಗೆ ಮತ್ತೆ ವಿಂಡೋಸ್. ‘ಲಿನಕ್ಸ್ ನಮಗಲ್ಲಪ್ಪ’ ಅನ್ನುವ ತೀರ್ಮಾನವೂ ಜೊತೆಗೇ ಬರುತ್ತದೆ.

ಇಲ್ಲಿ ಎಡವಿದ್ದು ಕೆಲಸದ ಸರದಿಯಲ್ಲಿ. ಎಲ್ಲಕ್ಕಿಂತ ಮೊದಲು ಬದಲಿಸಬೇಕಾದದ್ದು ನೀವು ದಿನಾ ಬಳಸುವ ಪ್ರೋಗ್ರಾಂಗಳನ್ನು. ಅದೂ ವಿಂಡೋಸ್‌ನಲ್ಲಿ ಇರುವಾಗಲೇ. ಆಪರೇಟಿಂಗ್ ಸಿಸ್ಟಂ ಬದಲಿಸುವುದು ಕಟ್ಟಕಡೆಗೆ. ಇದು ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ಆಪರೇಟಿಂಗ್ ಸಿಸ್ಟಂ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಇಣುಕಿ ನೋಡಬೇಕು.

ಫೈಲ್ ಬರುತ್ತದೆ, ಪ್ರೋಗ್ರಾಂ ಬರುವುದಿಲ್ಲ

ವಿಂಡೋಸ್‌ನಲ್ಲಿ ತೆಗೆದ ಫೋಟೊ ಲಿನಕ್ಸ್‌ನಲ್ಲಿ ತೆರೆಯುತ್ತದೆ. ಅದೇ ಪೆನ್‌ಡ್ರೈವ್‌ನಲ್ಲಿರುವ ವಿಂಡೋಸ್ ಪ್ರೋಗ್ರಾಂ ತೆರೆಯುವುದಿಲ್ಲ. ಕಂಪ್ಯೂಟರ್ ಅದೇ, ಪ್ರೊಸೆಸರ್ ಅದೇ. ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳೂ ಎರಡರಲ್ಲೂ ಒಂದೇ. ಮತ್ತೆ ತೊಂದರೆ ಏನು?

ಯಾವ ಪ್ರೋಗ್ರಾಂ ಕೂಡ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಫೈಲ್ ತೆರೆಯಬೇಕು, ಪರದೆಯ ಮೇಲೆ ಕಿಟಕಿ ಮೂಡಿಸಬೇಕು, ಮೆಮೊರಿ ಬೇಕು, ಇಂಟರ್ನೆಟ್‌ಗೆ ಏನೋ ಕಳಿಸಬೇಕು. ಇವಕ್ಕೆಲ್ಲ ಅದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳಲೇಬೇಕು. ಹಾರ್ಡ್‌ಡಿಸ್ಕ್ ಅನ್ನು ನೇರವಾಗಿ ಮುಟ್ಟಲು ಪ್ರೋಗ್ರಾಂಗೆ ಅನುಮತಿ ಇಲ್ಲ. ಹೀಗೆ ಕೇಳುವುದಕ್ಕೆ ಸಿಸ್ಟಂ ಕಾಲ್ ಎನ್ನುತ್ತಾರೆ. ಇದನ್ನು ಕಚೇರಿಯ ಅರ್ಜಿಗೆ ಹೋಲಿಸಬಹುದು. ಎರಡು ಕಚೇರಿಗಳಲ್ಲಿ ಸಿಗುವ ಸೇವೆ ಒಂದೇ. ಆದರೆ ಒಂದೊಂದು ಕಚೇರಿಯ ಫಾರಂ ಬೇರೆ, ಅದರ ನಂಬರ್ ಬೇರೆ, ಯಾವ ಸಾಲಿನಲ್ಲಿ ಏನು ಬರೆಯಬೇಕು ಅನ್ನುವುದೂ ಬೇರೆ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂ ಫೈಲ್ ತೆರೆಯಲು ‘ಕ್ರಿಯೇಟ್‌ಫೈಲ್’ ಎಂಬ ಫಾರಂ ತುಂಬುತ್ತದೆ. ಲಿನಕ್ಸ್ ಕಚೇರಿಗೆ ಆ ಫಾರಂ ಏನೆಂದೇ ಗೊತ್ತಿಲ್ಲ. ಅಲ್ಲಿ ಅದೇ ಕೆಲಸಕ್ಕೆ ‘ಓಪನ್’ ಎಂಬ ಇನ್ನೊಂದು ಫಾರಂ ಇದೆ.

ಪ್ರೋಗ್ರಾಂ ಫೈಲಿನ ರಚನೆಯೇ ಬೇರೆ ಅನ್ನುವುದು ಇನ್ನೊಂದು ಅಡ್ಡಿ. ವಿಂಡೋಸ್‌ನ ಇಎಕ್ಸ್‌ಇ ಫೈಲನ್ನು ಬಿಚ್ಚಿ ನೋಡಿದರೆ ಮೊದಲ ಎರಡು ಅಕ್ಷರ ‘ಎಂಝಡ್’ ಇರುತ್ತದೆ. ಇದು ಡಾಸ್ ಕಾಲದಲ್ಲಿ ಈ ರಚನೆ ಮಾಡಿದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಝ್ಬಿಕೋವ್ಸ್ಕಿಯ ಇನಿಶಿಯಲ್ಸ್. ಇವತ್ತಿಗೂ ಹಾಗೇ ಉಳಿದುಕೊಂಡಿದೆ. ಲಿನಕ್ಸ್ ಪ್ರೋಗ್ರಾಂಗಳು ‘ಇಎಲ್‌ಎಫ್’ ಎಂಬ ಗುರುತಿನಿಂದ ಶುರುವಾಗುತ್ತವೆ. ಒಳಗೆ ಯಾವುದು ಎಲ್ಲಿದೆ ಅನ್ನುವ ಜೋಡಣೆಯೇ ಬೇರೆ ಆದ್ದರಿಂದ ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಮೆಮೊರಿಗೆ ಏರುವುದೇ ಇಲ್ಲ.

ಫೋಟೊಗೆ ಈ ತಾಪತ್ರಯ ಯಾವುದೂ ಇಲ್ಲ. ಜೆಪೆಗ್ ಅನ್ನುವುದು ಎಲ್ಲರಿಗೂ ತೆರೆದಿಟ್ಟ ಒಂದು ಮಾನದಂಡ. ಚಿತ್ರದ ಮಾಹಿತಿಯನ್ನು ಹೇಗೆ ಜೋಡಿಸಿದ್ದಾರೆ ಅಂತ ಎಲ್ಲ ಸಿಸ್ಟಂಗಳಿಗೂ ಗೊತ್ತು. ಫೋಟೊ ಯಾರನ್ನೂ ಏನೂ ಕೇಳುವುದಿಲ್ಲ, ಸುಮ್ನೆ ಬಿದ್ದಿರುತ್ತದೆ. ಪಿಡಿಎಫ್, ಎಂಪಿ3, ವಿಡಿಯೊ ಎಲ್ಲವೂ ಹೀಗೇ.

ಹಾಗಾದರೆ ಫಾರಂಗಳನ್ನು ಬದಲಿಸಿಕೊಡುವ ಒಬ್ಬ ಮಧ್ಯವರ್ತಿ ಇದ್ದರೆ ಆಯಿತಲ್ಲ ಅನ್ನಿಸಬಹುದು. ಇದ್ದಾನೆ. ವೈನ್ ಅಂತ ಹೆಸರು, 1993ರಿಂದ ಅದರ ಕೆಲಸ ನಡೆಯುತ್ತಿದೆ. ವಿಂಡೋಸ್ ಪ್ರೋಗ್ರಾಂ ಕೊಟ್ಟ ಕೋರಿಕೆಯನ್ನು ಅದು ಲಿನಕ್ಸ್‌ಗೆ ತಿಳಿಯುವ ಕೋರಿಕೆಯಾಗಿ ಅಲ್ಲೇ ಬದಲಿಸುತ್ತದೆ. ನಕಲಿ ಕಂಪ್ಯೂಟರ್ ಒಂದನ್ನು ಒಳಗೆ ಓಡಿಸುವುದಿಲ್ಲ, ಆದ್ದರಿಂದ ವೇಗ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಆಟಗಳಿಗೆಂದು ವಾಲ್ವ್ ಕಂಪನಿ ಇದರ ಮೇಲೆ ಪ್ರೋಟಾನ್ ಕಟ್ಟಿ 2018ರಲ್ಲಿ ಬಿಟ್ಟಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ನಡೆಯುವುದೇ ಲಿನಕ್ಸ್ ಮೇಲೆ. ಅದರಲ್ಲಿ ಓಡುವ ಆಟಗಳಲ್ಲಿ ಬಹುಪಾಲು ವಿಂಡೋಸ್‌ಗೆಂದೇ ಬರೆದವು.

ಆದರೂ ವೈನ್ ಅನ್ನು ನಂಬಿಕೊಂಡು ಸಿಸ್ಟಂ ಬದಲಿಸಬೇಡಿ ಎಂದೇ ನನ್ನ ಸಲಹೆ. ವಿಂಡೋಸ್‌ನಲ್ಲಿ ಇಂಥ ಕೋರಿಕೆಗಳು ಸಾವಿರಾರು ಇವೆ. ಎಷ್ಟೋ ಕೋರಿಕೆಗಳ ನಡವಳಿಕೆ ಎಲ್ಲೂ ಬರೆದಿಟ್ಟಿಲ್ಲ, ಪರೀಕ್ಷೆ ಮಾಡಿಯೇ ಕಂಡುಕೊಳ್ಳಬೇಕು. ಇವತ್ತು ಓಡಿದ ಪ್ರೋಗ್ರಾಂ ಅದರದೇ ಮುಂದಿನ ಆವೃತ್ತಿಯಲ್ಲಿ ಓಡದೆ ಹೋಗಬಹುದು. ಎಲ್ಲೋ ಒಂದು ಸಣ್ಣ ಹಳೆಯ ಪ್ರೋಗ್ರಾಂ ಬೇಕು ಅಂದರೆ ವೈನ್ ಸರಿ. ಹೊಟ್ಟೆಪಾಡಿನ ಪ್ರೋಗ್ರಾಂಗೆ ಅದನ್ನು ನೆಚ್ಚಿಕೊಳ್ಳುವುದು ಬೇಡ.

ಎರಡರ ನಡುವೆ ಅಡಗಿ ಕೂತಿರುವುದು

ಫೈಲ್ ಬರುತ್ತದೆ, ಪ್ರೋಗ್ರಾಂ ಬರುವುದಿಲ್ಲ ಅಂತ ಗೊತ್ತಾಯಿತು. ಜನ ಕಳೆದುಕೊಳ್ಳುವುದು ಇವೆರಡರ ಮಧ್ಯೆ ಇರುವ ಮೂರನೇ ಜಾತಿಯನ್ನು. ಪ್ರೋಗ್ರಾಂಗಳು ತಮ್ಮ ಹೊಟ್ಟೆಯೊಳಗೆ ಇಟ್ಟುಕೊಂಡ ನಿಮ್ಮ ಮಾಹಿತಿ ಅದು. ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿದರೆ ಇದು ಬರುವುದಿಲ್ಲ.

ಬ್ರೌಸರ್ ತೆಗೆದುಕೊಳ್ಳಿ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ವಿಂಡೋಸ್ ತನ್ನ ಬಳಕೆದಾರರ ಖಾತೆಗೆ ಗಂಟು ಹಾಕಿ ಗೂಢಲಿಪಿಯಲ್ಲಿ ಇಡುತ್ತದೆ. ಕ್ರೋಮ್‌ನ ಇಡೀ ಫೋಲ್ಡರ್ ಕಾಪಿ ಮಾಡಿಕೊಂಡು ಹೋದರೂ ಲಿನಕ್ಸ್‌ನಲ್ಲಿ ಆ ಗಂಟು ಬಿಚ್ಚುವುದಿಲ್ಲ. ಸಿಂಕ್ ಆನ್ ಮಾಡಿಕೊಂಡಿರಬೇಕು, ಇಲ್ಲವೇ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡಿರಬೇಕು. ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬಟಾಬಯಲಾಗಿ ಇರುತ್ತವೆ, ಕೆಲಸ ಮುಗಿದ ಮೇಲೆ ಅಳಿಸುವುದನ್ನು ಮರೆಯಬೇಡಿ. ಫೈರ್‌ಫಾಕ್ಸ್ ಈ ವಿಷಯದಲ್ಲಿ ಉದಾರಿ. ಅದರ ಪ್ರೊಫೈಲ್ ಫೋಲ್ಡರ್ ಅನ್ನು ಹಾಗೇ ಎತ್ತಿಕೊಂಡು ಹೋಗಿ ಲಿನಕ್ಸ್‌ನ ಫೈರ್‌ಫಾಕ್ಸ್‌ಗೆ ಕೊಟ್ಟರೆ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ ಎಲ್ಲ ಬರುತ್ತದೆ. ಇಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನದೂ ಇದೇ ಗುಣ.

ಇಮೇಲ್‌ನಲ್ಲಿ ಮೊದಲು ನೋಡಬೇಕಾದದ್ದು ಖಾತೆ ಐಮ್ಯಾಪ್ ಆಗಿದೆಯೋ ಪಾಪ್ ಆಗಿದೆಯೋ ಎಂದು. ಐಮ್ಯಾಪ್ ಆದರೆ ಪತ್ರಗಳೆಲ್ಲ ಸರ್ವರ್‌ನಲ್ಲೇ ಇವೆ, ಹೊಸ ಕಡೆ ಲಾಗಿನ್ ಆದರೆ ತಾವಾಗಿ ಇಳಿದು ಬರುತ್ತವೆ. ಹಳೆಯ ಪಾಪ್ ಖಾತೆ ಆದರೆ ವರ್ಷಗಟ್ಟಲೆಯ ಪತ್ರಗಳು ಬರೀ ಈ ಕಂಪ್ಯೂಟರಿನಲ್ಲೇ, ಔಟ್‌ಲುಕ್‌ನ ಪಿಎಸ್‌ಟಿ ಎಂಬ ಒಂದೇ ದೊಡ್ಡ ಫೈಲಿನೊಳಗೆ ಇರಬಹುದು. ಆ ಫೈಲನ್ನು ಲಿನಕ್ಸ್‌ಗೆ ಒಯ್ದು ಬಿಡಿಸಲು ಹೆಣಗುವ ಬದಲು ಸುಲಭದ ದಾರಿ ಒಂದಿದೆ. ವಿಂಡೋಸ್‌ನಲ್ಲಿ ಇರುವಾಗಲೇ ಔಟ್‌ಲುಕ್‌ಗೆ ಒಂದು ಐಮ್ಯಾಪ್ ಖಾತೆ ಸೇರಿಸಿ, ಹಳೆಯ ಪತ್ರಗಳನ್ನು ಅದರೊಳಗೆ ಎಳೆದು ಹಾಕಿ. ಸರ್ವರ್‌ಗೆ ಏರುವ ತನಕ ಕಾಯಿರಿ.

ಲೆಕ್ಕದ ಪ್ರೋಗ್ರಾಂ, ಟಿಪ್ಪಣಿ ಬರೆಯುವ ಆ್ಯಪ್, ಆಟಗಳ ಸೇವ್ ಫೈಲ್, ಒಟಿಪಿ ಕೊಡುವ ಆ್ಯಪ್ ಕಂಪ್ಯೂಟರಿನಲ್ಲೇ ಇದ್ದರೆ ಅದರ ಗುಟ್ಟಿನ ಕೀಲಿಗಳು. ಇವನ್ನೆಲ್ಲ ಒಂದೊಂದಾಗಿ ತೆರೆದು ‘ಎಕ್ಸ್‌ಪೋರ್ಟ್’ ಅಥವಾ ‘ಬ್ಯಾಕಪ್’ ಎಲ್ಲಿದೆ ಎಂದು ಹುಡುಕಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಸಿಸ್ಟಂ ಬದಲಾವಣೆಯಲ್ಲಿ ಹೆಚ್ಚಿನ ಹೊತ್ತು ಹಿಡಿಯಬೇಕಾದದ್ದು ಇದೇ.

ಇನ್ನೊಂದು ಬಲೆ ಒನ್‌ಡ್ರೈವ್‌ನದು. ಹೊಸ ವಿಂಡೋಸ್‌ಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಎಷ್ಟೋ ಸಲ ಒನ್‌ಡ್ರೈವ್ ಒಳಗೇ ಇರುತ್ತವೆ. ಫೈಲ್ ಕಣ್ಣಿಗೆ ಕಾಣುತ್ತದೆ, ಹೆಸರಿದೆ, ಸೈಜ್ ಇದೆ. ಆದರೆ ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ ಅದು ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಬರೀ ಹೆಸರಿನ ಚೀಟಿ ಇದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಯಾವಾಗಲೂ ಈ ಕಂಪ್ಯೂಟರಿನಲ್ಲೇ ಇರಲಿ’ ಎಂಬ ಆಯ್ಕೆ ಕೊಟ್ಟು, ಎಲ್ಲ ಇಳಿದ ಮೇಲೆ ಬ್ಯಾಕಪ್ ತೆಗೆಯಿರಿ. ಒನ್‌ಡ್ರೈವ್‌ಗೂ ಗೂಗಲ್ ಡ್ರೈವ್‌ಗೂ ಅಧಿಕೃತ ಲಿನಕ್ಸ್ ಪ್ರೋಗ್ರಾಂ ಇಲ್ಲ ಅನ್ನುವುದನ್ನೂ ನೆನಪಿಡಿ. ಬ್ರೌಸರ್‌ನಲ್ಲಿ ಬಳಸಬಹುದು. ಡ್ರಾಪ್‌ಬಾಕ್ಸ್‌ಗೆ ಇದೆ.

ವಿಂಡೋಸ್‌ನಲ್ಲೇ ಶುರು ಮಾಡಿ

ಈಗ ಸರದಿಯ ವಿಷಯಕ್ಕೆ ಬರೋಣ. ಲಿನಕ್ಸ್‌ನಲ್ಲಿ ನೀವು ಬಳಸಲಿರುವ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ವಿಂಡೋಸ್‌ಗೂ ಸಿಗುತ್ತವೆ. ವರ್ಡ್, ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್, ವಿಎಲ್‌ಸಿ, ಜಿಂಪ್, ಇಂಕ್‌ಸ್ಕೇಪ್, ಕ್ರಿಟಾ, ಬ್ಲೆಂಡರ್ ಎಲ್ಲವೂ. ಹಾಗಾದರೆ ಮೊದಲು ಇವನ್ನು ವಿಂಡೋಸ್‌ನಲ್ಲೇ ಹಾಕಿಕೊಂಡು ಒಂದೆರಡು ತಿಂಗಳು ನಿಜವಾದ ಕೆಲಸ ಮಾಡಿ. ಹಳೆಯ ಪ್ರೋಗ್ರಾಂ ಪಕ್ಕದಲ್ಲೇ ಇರುತ್ತದೆ, ಸಿಕ್ಕಿಹಾಕಿಕೊಂಡರೆ ಅದನ್ನು ತೆರೆಯಬಹುದು. ದಿನ ಕಳೆದ ಹಾಗೆ ಹಳೆಯದನ್ನು ಎಷ್ಟು ಸಲ ತೆರೆದಿರಿ ಎಂದು ಗಮನಿಸಿ. ತೆರೆಯುವುದು ನಿಂತೇಹೋಯಿತು ಅಂದರೆ ಸಿಸ್ಟಂ ಬದಲಿಸಲು ನೀವು ತಯಾರು. ಪ್ರತಿದಿನ ತೆರೆಯಬೇಕಾಗುತ್ತಿದೆ ಅಂದರೆ ಅದೂ ಒಂದು ಉತ್ತರವೇ, ಅಲ್ವಾ?

ದೊಡ್ಡ ಕಚೇರಿಗಳೂ ಇದೇ ದಾರಿ ಹಿಡಿದಿವೆ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರ್‌ಗಳನ್ನು ಮೈಕ್ರೋಸಾಫ್ಟ್‌ನಿಂದ ಬಿಡಿಸುವುದಾಗಿ 2024ರಲ್ಲಿ ಹೇಳಿತು. ಮೊದಲ ಹೆಜ್ಜೆ ಲಿಬ್ರೆಆಫೀಸ್. ಇಮೇಲ್‌ಗೆ ಥಂಡರ್‌ಬರ್ಡ್ ಮತ್ತು ಓಪನ್-ಎಕ್ಸ್‌ಚೇಂಜ್. ವಿಂಡೋಸ್ ತೆಗೆದು ಲಿನಕ್ಸ್ ಹಾಕುವುದು ಇವೆಲ್ಲದರ ನಂತರದ ಮಾತು. ಅದೇ ದೇಶದ ಮ್ಯೂನಿಕ್ ನಗರ 2003ರಲ್ಲೇ ಲಿನಕ್ಸ್‌ಗೆ ಹೋಗುವ ನಿರ್ಧಾರ ಮಾಡಿ, ವರ್ಷಗಟ್ಟಲೆ ದುಡಿದು ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿತ್ತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅದರಲ್ಲಿ ತಂತ್ರಜ್ಞಾನ ಎಷ್ಟು, ರಾಜಕೀಯ ಎಷ್ಟು ಅನ್ನುವ ವಾದ ಇನ್ನೂ ಮುಗಿದಿಲ್ಲ.

ಆಫೀಸ್ ಫೈಲ್‌ಗಳ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಬೇಸತ್ತು ಹಿಂದಿರುಗುವುದು ಜಾಸ್ತಿ ಇದರಿಂದಲೇ. ವರ್ಡ್‌ನಲ್ಲಿ ಮಾಡಿದ ಡಾಕ್ಯುಮೆಂಟ್ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಸಾಲುಗಳು ಕದಲುತ್ತವೆ, ಪುಟದ ಲೆಕ್ಕ ತಪ್ಪುತ್ತದೆ. ಲಿಬ್ರೆಆಫೀಸ್‌ಗೆ ಫೈಲ್ ಓದಲು ಬಂದಿಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಸಲಿ ಕಾರಣ ಫಾಂಟ್. ಡಾಕ್ಯುಮೆಂಟ್‌ನಲ್ಲಿ ಕ್ಯಾಲಿಬ್ರಿ ಇದೆ. ಕ್ಯಾಲಿಬ್ರಿ ಮೈಕ್ರೋಸಾಫ್ಟ್‌ನ ಸ್ವತ್ತು, ಲಿನಕ್ಸ್ ಜೊತೆ ಬರುವುದಿಲ್ಲ. ಅದರ ಜಾಗದಲ್ಲಿ ಬೇರೆ ಫಾಂಟ್ ಕೂತರೆ ಪ್ರತಿ ಅಕ್ಷರದ ಅಗಲ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದೆ. ಒಂದು ಸಾಲಿನಲ್ಲಿ ಒಂದು ಪದ ಹಿಡಿಸದೆ ಕೆಳಗೆ ಜಾರುತ್ತದೆ, ಆಮೇಲೆ ಪ್ಯಾರಾ, ಆಮೇಲೆ ಟೇಬಲ್. ಇದಕ್ಕೆಂದೇ ಅಕ್ಷರದ ಅಗಲ ಹೊಂದುವ ಹಾಗೆ ಮಾಡಿದ ಉಚಿತ ಫಾಂಟ್‌ಗಳಿವೆ. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟ್‌ಗಳು. ಇವು ಇದ್ದರೆ ಅರ್ಧಕ್ಕರ್ಧ ತಕರಾರು ಅಲ್ಲಿಗೇ ತೀರುತ್ತದೆ. ಬೇರೆಯವರು ಬರೀ ಓದಬೇಕಾದ ಡಾಕ್ಯುಮೆಂಟ್ ಆದರೆ ಪಿಡಿಎಫ್ ಕಳಿಸಿ, ಮುಗಿಯಿತು.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಎಲ್ಲಿ ಹೋದರೂ ಕನ್ನಡವಾಗಿಯೇ ಕಾಣುತ್ತದೆ. ಯೂನಿಕೋಡ್‌ಗೆ ಮುಂಚಿನ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅಂಥ ಫೈಲ್‌ಗಳಿದ್ದರೆ ವಿಂಡೋಸ್‌ನಲ್ಲಿ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಟೈಪ್ ಮಾಡಲು ಚಿಂತೆಯಿಲ್ಲ. ಲಿನಕ್ಸ್‌ನಲ್ಲಿ ಐಬಸ್ ಎಂಬ ವ್ಯವಸ್ಥೆಯಡಿ ಇನ್‌ಸ್ಕ್ರಿಪ್ಟ್ ಇದೆ, ನುಡಿ ಬಳಸುವವರಿಗೆ ರೂಢಿಯಾಗಿರುವ ಕೆಜಿಪಿ ವಿನ್ಯಾಸವೂ ಇದೆ.

ಯಾರು ಬದಲಿಸಬಾರದು

ಲಿನಕ್ಸ್ ಅಭಿಮಾನಿಗಳು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಫೋಟೊಶಾಪ್, ಇಲ್ಲಸ್ಟ್ರೇಟರ್ ಮೇಲೆ ನಿಮ್ಮ ದುಡಿಮೆ ನಿಂತಿದ್ದರೆ ಬದಲಿಸಬೇಡಿ. ಅಡೋಬಿ ಇವನ್ನು ಲಿನಕ್ಸ್‌ಗೆ ಮಾಡುವುದಿಲ್ಲ. ಆಟೋಕ್ಯಾಡ್ ಕೂಡ ಇಲ್ಲ. ಎಕ್ಸೆಲ್‌ನಲ್ಲಿ ಮ್ಯಾಕ್ರೊ ಬರೆದು ಕಚೇರಿಯ ಲೆಕ್ಕವನ್ನೆಲ್ಲ ಅದರ ಮೇಲೆ ಕಟ್ಟಿದ್ದರೆ ಲಿಬ್ರೆಆಫೀಸ್ ಅದನ್ನು ಪೂರ್ತಿ ಎತ್ತಿಕೊಳ್ಳುವುದಿಲ್ಲ. ವ್ಯಾಲರಂಟ್, ಫೋರ್ಟ್‌ನೈಟ್ ಆಡುವವರಿಗೂ ಕಷ್ಟ. ಮೋಸದಾಟ ತಡೆಯಲು ಅವು ಬಳಸುವ ವ್ಯವಸ್ಥೆ ಲಿನಕ್ಸ್‌ನಲ್ಲಿ ಆಡಲು ಬಿಡುವುದಿಲ್ಲ. ವಿಡಿಯೊ ಎಡಿಟಿಂಗ್‌ನವರಿಗೆ ಮಾತ್ರ ದಾರಿ ಇದೆ, ಡಾವಿಂಚಿ ರಿಸಾಲ್ವ್ ಲಿನಕ್ಸ್‌ಗೂ ಬರುತ್ತದೆ. ಬರೀ ಬ್ರೌಸರ್‌ನಲ್ಲೇ ದಿನ ಕಳೆಯುವವರಿಗೆ, ಅಂದರೆ ನಮ್ಮಲ್ಲಿ ಬಹಳ ಜನಕ್ಕೆ, ಇದು ಯಾವುದೂ ತಟ್ಟುವುದಿಲ್ಲ.

ಡಿಸ್ಕ್ ಮುಟ್ಟದೆ ಪರೀಕ್ಷೆ

ಲಿನಕ್ಸ್‌ನ ಒಂದು ದೊಡ್ಡ ಸೌಕರ್ಯ ಲೈವ್ ಪೆನ್‌ಡ್ರೈವ್. ಇಡೀ ಸಿಸ್ಟಂ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಡಿಸ್ಕ್‌ನಲ್ಲಿರುವ ವಿಂಡೋಸ್ ತನ್ನ ಪಾಡಿಗೆ ಇರುತ್ತದೆ. 8 ಜಿಬಿಯ ಪೆನ್‌ಡ್ರೈವ್ ಸಾಕು. ಇಡೀ ಲಿನಕ್ಸ್ ಅಡಗಿರುವ ಐಎಸ್‌ಒ ಎಂಬ ಒಂದು ಫೈಲ್ ಇಳಿಸಿಕೊಂಡು ರೂಫಸ್ ಅಥವಾ ಎಚರ್ ಎಂಬ ಪ್ರೋಗ್ರಾಂನಿಂದ ಬರೆಯಬೇಕು. ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಚಾಲೂ ಆಗುವುದಿಲ್ಲ. ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಬೂಟ್ ಆದ ಮೇಲೆ ವಾಲ್‌ಪೇಪರ್ ನೋಡುತ್ತಾ ಕೂರಬೇಡಿ. ವೈ-ಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಮೈಕ್ ಮತ್ತು ಕ್ಯಾಮೆರಾ ಕೆಲಸ ಮಾಡುತ್ತವಾ, ಬ್ಲೂಟೂತ್ ಜೋಡಿಯಾಗುತ್ತದಾ, ಪ್ರಿಂಟರ್ ಕಾಣುತ್ತದಾ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ತೆರೆಯಿರಿ, ನಿದ್ದೆಯಿಂದ ಸರಿಯಾಗಿ ಏಳುತ್ತದಾ ನೋಡಿ. ಇದನ್ನು ಪರೀಕ್ಷಿಸುವವರೇ ಕಡಿಮೆ, ಆಮೇಲೆ ಗೋಳಾಡುವವರು ಜಾಸ್ತಿ.

ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು, ಅಂದರೆ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳು, ಸಿಸ್ಟಂನ ತಿರುಳಾದ ಕರ್ನೆಲ್ ಒಳಗೇ ಇರುತ್ತವೆ. ಅದಕ್ಕೇ ಡ್ರೈವರ್ ಹುಡುಕುವ ಕೆಲಸ ಅಷ್ಟಾಗಿ ಇಲ್ಲ, ಸಿಕ್ಕಿಸಿದರೆ ನಡೆಯುತ್ತದೆ. ಆದರೆ ತಯಾರಕರು ಮಾಹಿತಿ ಬಿಟ್ಟುಕೊಡದ ಕಡೆ ಎಡವುತ್ತದೆ. ಬೆರಳಚ್ಚು ಓದುವ ಸಾಧನಗಳು ಎಷ್ಟೋ ಕಡೆ ನಡೆಯುವುದಿಲ್ಲ. ಕೆಲವು ಬ್ರಾಡ್‌ಕಾಂ ವೈ-ಫೈ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗೂ ಅಷ್ಟೇ. ಲೈವ್ ಪೆನ್‌ಡ್ರೈವ್‌ನಲ್ಲಿ ಎಲ್ಲ ಸ್ವಲ್ಪ ನಿಧಾನ ಇರುತ್ತದೆ, ಅದು ಪೆನ್‌ಡ್ರೈವ್‌ನ ವೇಗ. ಅದನ್ನು ನೋಡಿ ಲಿನಕ್ಸ್ ನಿಧಾನ ಅನ್ನಬೇಡಿ.

ಲಿನಕ್ಸ್ ಬೇರೆ ಬೇರೆ ಹೆಸರಿನ ಎಷ್ಟೋ ರೂಪಗಳಲ್ಲಿ ಸಿಗುತ್ತದೆ. ಯಾವ ಲಿನಕ್ಸ್? ಈ ಪ್ರಶ್ನೆಗೆ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್ ಪರಿಚಿತವಾಗಿ ಕಾಣುತ್ತದೆ, ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ್‍ಯಾಮ್ ಇರುವ ಕಂಪ್ಯೂಟರಿಗೂ ಸಾಕು. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ), ಫೆಡೋರಾ ಕೂಡ ಒಳ್ಳೆಯವೇ. ಒಂದನ್ನು ಆರಿಸಿ ಮುಂದೆ ಹೋಗಿ.

ಹಾಕುವ ಮುಂಚೆ

ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ ಇರಬೇಕು. ಅದೇ ಡಿಸ್ಕ್‌ನ ಡಿ ಡ್ರೈವ್‌ನಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ. ಇನ್‌ಸ್ಟಾಲ್ ಮಾಡುವಾಗ ‘ಡಿಸ್ಕ್ ಪೂರ್ತಿ ಅಳಿಸು’ ಎಂದು ಒತ್ತಿದರೆ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಡಿಸ್ಕ್ ಎಕ್ಸ್‌ಫ್ಯಾಟ್ ರೂಪದಲ್ಲಿದ್ದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓದಲು ಬರೆಯಲು ಬರುತ್ತದೆ. ಹಳೆಯ ಫ್ಯಾಟ್32 ಆದರೆ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ, ದೊಡ್ಡ ವಿಡಿಯೊ ಹಿಡಿಸುವುದಿಲ್ಲ. ವಿಂಡೋಸ್ ಡಿಸ್ಕ್‌ಗಳ ಎನ್‌ಟಿಎಫ್‌ಎಸ್ ರೂಪವನ್ನು ಲಿನಕ್ಸ್ ಓದುತ್ತದೆ, ಬರೆಯುತ್ತದೆ. ತಿರುಗಾಮುರುಗಾ ಹಾಗಲ್ಲ. ಲಿನಕ್ಸ್‌ನ ಎಕ್ಸ್ಟ್4 ಡಿಸ್ಕ್ ಸಿಕ್ಕಿಸಿದರೆ ವಿಂಡೋಸ್ ‘ಇದನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಹೂಂ ಅಂದವರ ಪಾಡು ಹೇಳತೀರದು.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಗೂಢಲಿಪಿ ನೀವು ಕೇಳದೆಯೇ ಆನ್ ಆಗಿರಬಹುದು. ಬೂಟ್ ಆಗುವ ರೀತಿ ಬದಲಾದರೆ ಟಿಪಿಎಂ ಚಿಪ್‌ಗೆ ಅನುಮಾನ ಬರುತ್ತದೆ, ಆಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಮುಂಚೆಯೇ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವುದನ್ನು ಯಾರಿಂದಲೂ ತೆಗೆಯಲಾಗದು.

ಎರಡೂ ಸಿಸ್ಟಂ ಇಟ್ಟುಕೊಳ್ಳುವುದಾದರೆ, ಅಂದರೆ ಡ್ಯುಯಲ್ ಬೂಟ್, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಿ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಆರುವುದಿಲ್ಲ. ಸಿಸ್ಟಂನ ತಿರುಳನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ, ಬೇಗ ಏಳಲೆಂದು. ಆ ಸ್ಥಿತಿಯಲ್ಲಿ ಲಿನಕ್ಸ್ ಬಂದು ಅದೇ ಡಿಸ್ಕ್‌ಗೆ ಬರೆದರೆ ಫೈಲ್‌ಗಳು ಕೆಡುತ್ತವೆ. ಅದಕ್ಕೇ ಲಿನಕ್ಸ್ ಆ ಡಿಸ್ಕ್‌ನಲ್ಲಿ ಬರೀ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ವಿಂಡೋಸ್‌ನ ಜಾಗ ಕುಗ್ಗಿಸುವುದನ್ನು ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಮಾಡಿ. ಖಾಲಿಯಾದ ಜಾಗವನ್ನು ಲಿನಕ್ಸ್‌ಗೆ ಕೊಡಿ.

ಆದರೆ ಡ್ಯುಯಲ್ ಬೂಟ್‌ಗೆ ಎರಡು ಬೇರೆ ಡಿಸ್ಕ್ ಇದ್ದರೆ ಅದಕ್ಕಿಂತ ನೆಮ್ಮದಿ ಇಲ್ಲ. ಒಂದೇ ಡಿಸ್ಕ್‌ನಲ್ಲಿ ಇಬ್ಬರೂ ಬೂಟ್ ಜಾಗವನ್ನು ಹಂಚಿಕೊಳ್ಳಬೇಕು, ಆಗಾಗ ಜಗಳ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್ ಸಿಸ್ಟಂ ಅನ್ನು ಎಬ್ಬಿಸುವ ಹಳೆಯ ಬೂಟ್‌ಲೋಡರ್ ಪ್ರೋಗ್ರಾಂಗಳನ್ನು ತಡೆಯಹೋಗಿ ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತ್ತು.

ಹಾಕಿದ ಮೇಲೆ

ಇನ್‌ಸ್ಟಾಲ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಭಾಷೆ, ಕೀಬೋರ್ಡ್, ಜಾಗ, ಹೆಸರು, ಪಾಸ್‌ವರ್ಡ್. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಡಿಸ್ಕ್ ನಡೆಸುವ ರೀತಿ ಇಂಟೆಲ್ ಆರ್‌ಎಸ್‌ಟಿ ಎಂದಿರಬಹುದು, ಅದನ್ನು ಎಎಚ್‌ಸಿಐ ಎಂಬ ಇನ್ನೊಂದು ರೀತಿಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಹಾಗೇ ಬದಲಿಸಿದರೆ ವಿಂಡೋಸ್ ಬೂಟ್ ಆಗುವುದಿಲ್ಲ, ಮೊದಲು ಅದಕ್ಕೆ ತಯಾರಿ ಮಾಡಿಕೊಳ್ಳಬೇಕು. ಎನ್‌ವಿಡಿಯಾ ಡ್ರೈವರ್ ಹಾಕಿಕೊಂಡರೆ ಮುಂದಿನ ಬೂಟ್‌ನಲ್ಲಿ ಒಂದು ನೀಲಿ ಪರದೆ ಬಂದು ‘ಮಾಕ್’ ಅಂತ ಏನೋ ಕೇಳಬಹುದು. ಗಾಬರಿ ಬೇಡ. ನಂಬಿಕೆಯಿಲ್ಲದ ಪ್ರೋಗ್ರಾಂ ಬೂಟ್ ಹೊತ್ತಿಗೆ ನುಸುಳದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದಾಗ ಹೊರಗಿನ ಡ್ರೈವರ್‌ಗೆ ನಿಮ್ಮ ಒಪ್ಪಿಗೆ ಬೇಕು, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡನ್ನೇ ಅಲ್ಲಿ ಕೊಡಬೇಕು.

ಡ್ಯುಯಲ್ ಬೂಟ್ ಮಾಡಿದವರನ್ನೆಲ್ಲ ಕಾಡುವ ಒಂದು ತಮಾಷೆ ಇದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸುತ್ತದೆ. ಮದರ್‌ಬೋರ್ಡ್‌ನಲ್ಲಿ ಒಂದು ಗಡಿಯಾರ ಇದೆ. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ ಅಂದರೆ ವಿಶ್ವ ಸಮಯ ಇಡುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಪ್ಪಾಗಿ ಓದುತ್ತಾರೆ. ಲಿನಕ್ಸ್‌ಗೆ ‘ನೀನೂ ಸ್ಥಳೀಯ ಸಮಯವನ್ನೇ ಇಡು’ ಎಂದು ಟೈಮ್‌ಡೇಟ್‌ಸಿಟಿಎಲ್ ಎಂಬ ಒಂದೇ ಕಮಾಂಡ್‌ನಿಂದ ಹೇಳಬಹುದು.

ಮೊದಲ ವಾರಗಳಲ್ಲಿ ಕೈ ತಡವರಿಸುವುದು ಸಣ್ಣ ವಿಷಯಗಳಿಗೆ. ಸಿ, ಡಿ ಡ್ರೈವ್‌ಗಳು ಇಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳು, ನಿಮ್ಮದೆಲ್ಲ ‘ಹೋಮ್’ ಒಳಗೆ. ಪೆನ್‌ಡ್ರೈವ್ ಕೂಡ ಅದೇ ಮರದಲ್ಲಿ ಇನ್ನೊಂದು ಕೊಂಬೆಯಾಗಿ ಸೇರಿಕೊಳ್ಳುತ್ತದೆ. ಫೈಲ್ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ ಲೆಕ್ಕ. ಒಂದೇ ಹೆಸರಿನ ಎರಡು ಫೈಲ್ ಹೀಗೆ ಪಕ್ಕಪಕ್ಕದಲ್ಲೇ ಇರಬಹುದು, ಅವನ್ನು ವಿಂಡೋಸ್‌ಗೆ ಒಯ್ದಾಗ ಒಂದರ ಮೇಲೊಂದು ಬೀಳುತ್ತವೆ.

ಪ್ರೋಗ್ರಾಂ ಹಾಕುವ ಅಭ್ಯಾಸವೇ ಬದಲಾಗಬೇಕು. ವಿಂಡೋಸ್‌ನಲ್ಲಿ ವೆಬ್‌ಸೈಟ್ ಹುಡುಕಿ, ಇಳಿಸಿ, ‘ನೆಕ್ಸ್ಟ್ ನೆಕ್ಸ್ಟ್’ ಒತ್ತುತ್ತಿದ್ದೆವು. ಲಿನಕ್ಸ್‌ನಲ್ಲಿ ಫೋನಿನ ಹಾಗೆ ಸಾಫ್ಟ್‌ವೇರ್ ಮ್ಯಾನೇಜರ್ ಒಳಗಿಂದಲೇ ಹಾಕಬೇಕು. ಅಲ್ಲಿಂದ ಹಾಕಿದ್ದೆಲ್ಲ ಸಿಸ್ಟಂ ಜೊತೆ ಒಟ್ಟಿಗೇ ಅಪ್‌ಡೇಟ್ ಆಗುತ್ತದೆ. ಹೊಸಬರು ಮಾಡುವ ಅಪಾಯದ ಕೆಲಸ ಅಂದರೆ ಎಲ್ಲೋ ಸಿಕ್ಕ ಕಮಾಂಡ್ ತಂದು, ಮುಂದೆ ‘ಸುಡೊ’ ಇದ್ದರೂ ಯೋಚಿಸದೆ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಅಂಟಿಸುವುದು. ಸುಡೊ ಅಂದರೆ ಸಿಸ್ಟಂನ ಯಜಮಾನಿಕೆ ಕೊಡುವುದು. ಅರ್ಥವಾಗದ ಸಾಲಿಗೆ ಅದನ್ನು ಕೊಡಬೇಡಿ. ದಿನನಿತ್ಯದ ಕೆಲಸಕ್ಕೆ ಟರ್ಮಿನಲ್ ಬೇಕೇಬೇಕು ಅನ್ನುವುದೆಲ್ಲ ಹಳೆಯ ಮಾತು. ಯಾರಾದರೂ ಸಹಾಯ ಮಾಡುವಾಗ ಕಮಾಂಡ್ ಕೊಡುತ್ತಾರೆ ನಿಜ. ಹತ್ತು ಚಿತ್ರ ಹಾಕಿ ವಿವರಿಸುವುದಕ್ಕಿಂತ ಒಂದು ಸಾಲು ಕಳಿಸುವುದು ಅವರಿಗೆ ಸುಲಭ.

ಇಷ್ಟೆಲ್ಲ ಆಗಿಯೂ ಸರಿಬರಲಿಲ್ಲ ಅಂದರೆ ಹಿಂದಿರುಗಲು ನಾಚಿಕೆ ಏಕೆ? ವಿಂಡೋಸ್ 8ರ ಕಾಲದಿಂದ, ವಿಂಡೋಸ್ ಸಮೇತ ಮಾರಿದ ಬಹುತೇಕ ಕಂಪ್ಯೂಟರ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಅದು ಹೋಗುವುದಿಲ್ಲ. ಮೈಕ್ರೋಸಾಫ್ಟ್‌ನ ತಾಣದಿಂದ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಂಡು ಹಾಕಿದರೆ ವಿಂಡೋಸ್ ತಾನೇ ಆ ಕೀ ಓದಿಕೊಂಡು ಆ್ಯಕ್ಟಿವೇಟ್ ಆಗುತ್ತದೆ. ಆ ಪೆನ್‌ಡ್ರೈವ್ ಅನ್ನು ವಿಂಡೋಸ್ ಇರುವಾಗಲೇ ಮಾಡಿಟ್ಟುಕೊಳ್ಳಿ, ಅದರ ಟೂಲ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ.